ಹಸಿರಾಗದ ಇನ್ನೂರ ಹನ್ನೆರಡು ಮೂಟೆ

ವನಜಾಕ್ಷಿಯ ಆಕಳಿಕೆ ಎಂಥದೆಂದರೆ, ಅವಳು ಶಿರಾದಲ್ಲಿ ಬಾಯಿ ತೆರೆದರೆ ಕೊರಟಗೆರೆಯಲ್ಲಿ ಕೂತವರಿಗೆ ನಿದ್ದೆ ಬರುತ್ತಿತ್ತು. ಮೂರು ದಿನದಲ್ಲಿ ಅವಳು ಕುಡಿದ ಟೀಯನ್ನು ದೊಡ್ಡಕೆರೆಗೆ ಸುರಿದಿದ್ದರೆ ಕೋಡಿ ಬೀಳುತ್ತಿತ್ತು. ಕಂಪ್ಯೂಟರಿನಲ್ಲಿ ಬರೆದ ಕೋಡನ್ನು ಹಗ್ಗದಂತೆ ಹೊಸೆದಿದ್ದರೆ ಮಧುಗಿರಿ ಬೆಟ್ಟಕ್ಕೆ ಏಳು ಸುತ್ತು ಸುತ್ತಿ, ಮಿಕ್ಕಿದ್ದರಲ್ಲಿ ಒಂದು ಎಮ್ಮೆಯನ್ನೂ ಕಟ್ಟಬಹುದಿತ್ತು. ಆದರೂ ಪರದೆಯ ಮೇಲೆ ಇನ್ನೂರ ಹನ್ನೆರಡು ಮೂಟೆ ಕಡಲೇಕಾಯಿ ಹಳದಿಯಾಗಿಯೇ ಕೂತಿದ್ದವು. ಒಂದೂ ಹಸಿರಾಗಿರಲಿಲ್ಲ.

ಬೆಳೆಗಾರರ ಸಂಘಕ್ಕೆ ಅವಳು ಕಟ್ಟಿಕೊಟ್ಟ ಏರ್ಪಾಡು ಕೇಳಲು ಸರಳ. ಮೂಟೆ ತೂಗಿದವರು ಟ್ಯಾಬಿನಲ್ಲಿ ಅದರ ನಂಬರು ಬರೆದ ಕೂಡಲೇ ಚೀಟಿ ಬರುತ್ತದೆ. ರೈತ ಕಾಯದೆ ಹೊರಡಬಹುದು, ರಾಗಿ ಡಬ್ಬವನ್ನು ಮಿಲ್ಲಿನ ಸಾಲಿನಲ್ಲಿಟ್ಟು ಸಂತೆಗೆ ಹೋದ ಹಾಗೆ. ಹಿಂದಿನಿಂದ ಅವಳು ಬರೆದ ಪ್ರೋಗ್ರಾಮು, ಅಂದರೆ ಸರ್ವಿಸು, ತನ್ನ ಪಾಡಿಗೆ ತಾನು ಮೂಟೆಗಳನ್ನು ಒಂದರಿಂದ ನಂಬರಿನ ಸರದಿಯಲ್ಲೇ ಬ್ಲಾಕ್‌ಚೈನ್ ನೆಟ್‌ವರ್ಕಿಗೆ ಕಳಿಸಿ, ಒಪ್ಪಿಗೆ ಬಂದದ್ದನ್ನು ಹಸಿರು ಮಾಡುತ್ತದೆ. ಅಲ್ಲಿ ಒಮ್ಮೆ ಬರೆದದ್ದನ್ನು ಬ್ರಹ್ಮ ಬಂದರೂ ತಿದ್ದಲಾರ. ಅದಕ್ಕೇ ಹೊರಗಿನ ಖರೀದಿದಾರರು, ಹಸಿರಾದ ಮೂಟೆಯನ್ನು ಮಾತ್ರ ಎತ್ತುತ್ತೇವೆ ಎಂದಿದ್ದರು. ಗೌಡಗೆರೆಯಲ್ಲಿ ಎಪ್ಪತ್ತು ರೈತರ ಮುಂದೆ ನಿಂತು, "ನನ್ನ ಮಾತು ನಂಬಿ, ಮಂಡಿಗೆ ಹಾಕಬೇಡಿ" ಎಂದವಳು ವನಜಾಕ್ಷಿಯೇ. ಇವತ್ತು ನಾಲ್ಕು ಗಂಟೆಗೆ ಲಾರಿ ಖಾಲಿ ಹೋದರೆ ಆ ಮಾತೂ ಅದರ ಹಿಂದೆಯೇ ಹೋದಂತೆ.

"ಮೇಡಂ, ಮೂರು ಹೊಡೀತು." ಲಾರಿ ಮಾಲೀಕ ನಿಯಾಜ್ ಅಹಮದ್ ಬಾಗಿಲಲ್ಲಿ ನಿಂತಿದ್ದ. "ನಿಮ್ದು ಹಸಿರು ಬರ್ತದೋ, ಇಲ್ಲಾ ನಾನೇ ಒಂದು ಡಬ್ಬಿ ಪೇಂಟು ತರ್ಲೋ?"

"ನೆಟ್‌ವರ್ಕಿಂದ ಉತ್ತರಾನೇ ಬರ್ತಿಲ್ಲ ಭಾಯ್."

"ಮೂರು ದಿನ ಆಯ್ತಲ್ಲ! ನಮ್ಮ ಮನೆಯವ್ರೂ ಇಷ್ಟು ದಿನ ಮಾತು ಬಿಟ್ಟಿಲ್ಲ."

ಸರ್ವಿಸನ್ನು ನಲವತ್ತು ಸಲ ನಿಲ್ಲಿಸಿ ಎಬ್ಬಿಸಿದ್ದಳು. ನೆಟ್‌ವರ್ಕಿನವರಿಗೆ ಕಾಗದ ಸುಟ್ಟು ಹೋಗುವಂಥ ಬೈಗುಳದ ಮೇಲ್ ಬರೆದಿದ್ದಳು. ಇನ್ನೇನೂ ಉಳಿದಿರಲಿಲ್ಲ. ಮೂಟೆಗಳನ್ನು ಮಂಡಿಗೇ ಹಾಕಿ ಎಂದು ಹೇಳಿಬಿಡೋಣವೆಂದು, ಒಂದೊಂದು ಕಾಲೂ ಒಂದೊಂದು ಬೀಸುವ ಕಲ್ಲಿನಂತೆ ಎಳೆದುಕೊಂಡು ಗೋದಾಮಿನ ಮೆಟ್ಟಿಲಿಳಿದಳು.

ಕೆಳಗೆ ತೂಕದ ದೊಡ್ಡರಂಗಪ್ಪ ಮೂಟೆಗಳನ್ನು ಸಾಲಿಗೆ ಜೋಡಿಸುತ್ತ ರಾಗವಾಗಿ ಎಣಿಸುತ್ತಿದ್ದ. "ಲಾಭವೋ ಲಾಭ... ಎರಡೋ ಎರಡು... ಮೂರೋ ಮೂರು..."

ವನಜಾಕ್ಷಿಯ ಕಾಲು ನಡುಮೆಟ್ಟಿಲಲ್ಲೇ ನಿಂತಿತು.

"ಅಣ್ಣಾ, ನೀವು ಒಂದು ಅನ್ನಲ್ವಾ?"

"ಥೂ, ಬುಡ್ತು ಅನ್ನು! ರಾಶಿ ಮುಂದೆ ನಿಂತ್ಕಂಡು ಒಂದು ಅಂದ್ರೆ ಒಂದೇ ಆಗೋಯ್ತದೆ ಕಣಮ್ಮ. ನಮ್ಮಪ್ಪ ಅಂದಿಲ್ಲ, ನಮ್ಮ ತಾತ ಅಂದಿಲ್ಲ. ಮೊದಲ್ನೇದು ಲಾಭ."

"ಟ್ಯಾಬಲ್ಲೂ ಹಂಗೇ ಬರೆದ್ರಾ?"

"ಮತ್ತೆ? ಬಾಯಲ್ಲೊಂದು ಕೈಯಲ್ಲೊಂದು ಮಾಡಕ್ಕೆ ನಾನೇನು ಎಲೆಕ್ಷನ್‌ಗೆ ನಿಂತಿವ್ನಾ?"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಂಬರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆಯುವಂತೆ ಬಿಟ್ಟವಳು ಅವಳೇ. ಪರೀಕ್ಷೆ ಮಾಡಿದ್ದೂ ಮೇಲೆ ಕುರ್ಚಿಯಲ್ಲಿ ಕೂತು, ಒಂದು, ಎರಡು, ಮೂರು ಎಂದು ಒತ್ತಿ. ಸರ್ವಿಸಿಗೆ ಲಾಭ ಗೊತ್ತಿಲ್ಲ. ಅದನ್ನು ಸದ್ದಿಲ್ಲದೆ ಪಕ್ಕಕ್ಕಿಟ್ಟು, ಉಳಿದ ಇನ್ನೂರ ಹನ್ನೊಂದನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು, ಬಾರದ ಒಂದನೇ ನಂಬರಿಗಾಗಿ ಮೂರು ದಿನದಿಂದ ಕಾಯುತ್ತಿತ್ತು. ನೆಟ್‌ವರ್ಕಿಗೆ ಯಾರೂ ಏನೂ ಹೇಳಿಯೇ ಇರಲಿಲ್ಲ. ಪಾಪ, ಅದು ಎಲ್ಲಿಂದ ಉತ್ತರ ಕೊಟ್ಟೀತು?

"ಅಣ್ಣಾ, ಒಂದೇ ಒಂದ್ಸಲ ಒಂದು ಅಂತ ಒತ್ತಿಬಿಡಿ."

"ಕೈ ಕಡಿದ್ರೂ ಇಲ್ಲ."

"ನಾನು ಒತ್ತಲಾ ಮೇಡಂ?" ಎಂದ, ಅವಳ ಹಿಂದೆಯೇ ಇಳಿದು ಬಂದಿದ್ದ ನಿಯಾಜ್.

"ಒತ್ತು, ನೋಡೇಬುಡ್ತೀನಿ! ಹುಣಸೇಹಣ್ಣು ತೂಗ್ವಾಗ ನಿಮ್ಮಪ್ಪ ಏನಂತಿದ್ದ, ಹೇಳ್ಲಾ?"

ನಿಯಾಜ್ ತಲೆ ಕೆರೆದುಕೊಂಡ. "ಲಾಭ ಅಂತಿದ್ರು."

ವಾದಿಸುವ ಶಕ್ತಿ ಅವಳಲ್ಲಿರಲಿಲ್ಲ. ಇಬ್ಬರನ್ನೂ ಬಿಟ್ಟು ಮೇಲೆ ಹೋಗಿ ಸರ್ವಿಸಿಗೆ ಒಂದೇ ಒಂದು ಸಾಲು ಸೇರಿಸಿದಳು: ಲಾಭ ಬಂದರೆ ಒಂದು ಎಂದು ತಿಳಿ.

ಮೊದಲ ಮೂಟೆ ಹಸಿರಾಯಿತು. ಆಮೇಲೆ, ಹುಲಿಕುಂಟೆಯ ಕುರಿಹಟ್ಟಿಯ ಬಾಗಿಲು ತೆಗೆದಂತೆ ಒಂದರ ಮೇಲೊಂದು ನುಗ್ಗಿದವು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯದೂ ಹಸಿರಾಯಿತು. ಗೌಡಗೆರೆಗೆ ಮುಖ ತೋರಿಸಬಹುದು ಎಂದುಕೊಂಡಳು. ಆ ಮುಖವನ್ನು ಮೇಜಿನ ಮೇಲಿಟ್ಟಳು. ಕೆಳಗೆ ಮೂಟೆ ಹೇರುವ ಗದ್ದಲ ಜೋಗುಳದಂತೆ ಕೇಳಿಸಿತು.

ಫೋನು ಬಡಿದುಕೊಂಡಿತು. ಅವತ್ತಷ್ಟೇ ಶುರುವಾಗಿದ್ದ ಪಾವಗಡದ ಕೇಂದ್ರದಿಂದ ತೂಕದ ಕದಿರಯ್ಯ.

"ಅಮ್ಮಾ, ನಮ್ ಮೂಟೆಗ್ಳೆಲ್ಲಾ ಹಳದೀಲೇ ನಿಂತ್ಬುಟ್ಟವೆ."

ಅವಳು ತಲೆಯೆತ್ತಲಿಲ್ಲ. "ಮೊದಲನೇ ಮೂಟೆಗೆ ಏನು ಬರೆದ್ರಿ ಕದಿರಯ್ಯನೋರೆ?"

"ಇಂಕೇಮಿ, ಇನ್ನೇನು ಬರೀತಾರಮ್ಮಾ? ಲಾಭಂ ಅಂತ ಬರ್ದಿವ್ನಿ."

ಕಣ್ಣು ಮುಚ್ಚಿಕೊಂಡೇ ವನಜಾಕ್ಷಿ ಒಂದು ಕೈಯಿಂದ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು.