ಲೇಪಾಕ್ಷಿ ಬಸ್ಸಿನ ನಿದ್ದೆ

ನಾವು ಲೇಪಾಕ್ಷಿ ಬಿಟ್ಟು ಹಿಂದೂಪುರದಲ್ಲಿ ಮನೆ ಮಾಡಿದ್ದು ನಾನು ಸುಖವಾಗಿರಲಿ ಅಂತ. ಹಾಗಂತ ನಮ್ಮ ಯಜಮಾನರು ಕೇಶವಯ್ಯನವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅದು ಎಂಬತ್ತಾರನೇ ಇಸವಿ. ಅವರು ಹಿಂದೂಪುರದ ಹುಣಸೆ ಮಂಡಿಯಲ್ಲಿ ತೂಕಕ್ಕೆ ನಿಲ್ಲುತ್ತಿದ್ದರು. ನಾನು ಅದೇ ಊರಿನ ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದೆ. ಏಳು ವರ್ಷ ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲೇ ಓಡಾಡಿದ್ದೆ.

“ಬಸ್ಸಿನ ಕಾಟ ತಪ್ತು ಕಣೆ. ಇನ್ ಮೇಲೆ ಹಾಯಾಗಿರು” ಅಂದರು.

ಕಾಟವಂತೆ! ಆ ಬಸ್ಸಿನಲ್ಲಿ ನಾನು ನಿದ್ದೆ ಮಾಡುತ್ತಿದ್ದೆ. ಸಂಜೆ ಕಿಟಕಿ ಪಕ್ಕ ಕೂತು, ಬಿಸಿನೀರಿನಲ್ಲಿ ಬೆಂದ ಬೆರಳನ್ನು ಗಾಳಿಗೆ ಒಡ್ಡಿದರೆ ಊರು ದಾಟುವುದರೊಳಗೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹೆಚ್ಚೆಂದರೆ ಅರ್ಧ ಗಂಟೆ. ಬಸ್ಸಿನಲ್ಲಿ ಕೂತ ಹೆಂಗಸಿಗೆ ಒಲೆ ಹಚ್ಚು, ನೀರು ತಾ ಅಂತ ಯಾರು ತಾನೇ ಹೇಳುತ್ತಾರೆ?

ಹೊಸ ಮನೆ ಕಾರ್ಖಾನೆಯಿಂದ ಎರಡೇ ಬೀದಿ. ಹತ್ತಿರವಾಯಿತಲ್ಲ, ಮಧ್ಯಾಹ್ನವೂ ಓಡಿಬಂದು ಅಡುಗೆ ಮಾಡುವುದು ನನ್ನ ಪಾಲಿಗೆ ಬಂತು. ಡಾಕ್ಟರ ಹತ್ತಿರ ಬಂದವರು, ಸಂತೆಗೆ ಬಂದವರು, ಬೆಂಗಳೂರು ರೈಲು ತಪ್ಪಿಸಿಕೊಂಡವರು, ಎಲ್ಲರದ್ದೂ ಒಂದೇ ಮಾತು. “ನಮ್ಮ ಭ್ರಮರಾಂಬನ ಮನೆ ಐತಲ್ಲ!” ಕಲ್ಯಾಣದುರ್ಗದಿಂದ ನಾದಿನಿ ರಾಮಕ್ಕ ಹಲ್ಲು ಕೀಳಿಸೋದಕ್ಕೆ ಬಂದವಳು ಹದಿನೈದು ದಿನ ಇದ್ದಳು. ಕೀಳಿಸಿದ್ದು ಒಂದೇ ಹಲ್ಲು.

ಬೀದಿಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ತವರು ಮನೆಗೂ ನಾನು ಅಷ್ಟು ಹಂಬಲಿಸಿದವಳಲ್ಲ. ಕೊನೆಗೆ ಒಂದು ಭಾನುವಾರ, “ಅತ್ತೇನ ನೋಡ್ಕೊಂಡ್ ಬತ್ತೀನಿ” ಎಂದು ಸುಳ್ಳು ಹೇಳಿ ಮೂರು ಗಂಟೆ ಬಸ್ಸು ಹತ್ತಿದೆ. ಅತ್ತೆ ಲೇಪಾಕ್ಷಿಯಲ್ಲಿ ಭಾವನ ಮನೆಯಲ್ಲಿದ್ದರು. ಬಸ್ಸು ನಿಂತಾಗ ಕಂಡಕ್ಟರ್ ಸುಬ್ಬರಾಯಪ್ಪ ತೆಲುಗಿನಲ್ಲಿ ಕೇಳಿದ, “ದಿಗರಾ ಅಮ್ಮಾ?”

“ಇಳಿಯಾಕಿಲ್ಲ ಕಣಪ್ಪ. ವಾಪಸ್ ಟಿಕೆಟ್ ಕೊಡು” ಅಂದೆ. ಗಂಡನ ಜೊತೆ ಜಗಳವಾಡಿ ಬಂದವಳನ್ನು ನೋಡುವ ಹಾಗೆ ನೋಡಿ ಟಿಕೆಟ್ ಹರಿದ. ನಾನು ಮತ್ತೆ ನಿದ್ದೆಹೋದೆ.

ಹೀಗೆ ಐದು ಭಾನುವಾರ ಕಳೆಯಿತು. ಆರನೆಯದರಂದು ವಾಪಸ್ ಬಂದು ಇಳಿಯುವಾಗ ಯಜಮಾನರು ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದರು.

“ಅಮ್ಮ ಮನೆಗೆ ಬಂದೈತೆ” ಅಂದರು. “ನಿನ್ನ ಮುಖ ನೋಡಿ ಎಲ್ಡು ತಿಂಗ್ಳಾಯ್ತಂತೆ. ಎಲ್ಲಿಗೋಯ್ತಿದ್ದೆ ಹೇಳು.”

“ಎಲ್ಲಿಗೂ ಇಲ್ಲ. ನಿದ್ದೆ ಮಾಡಾಕೆ.”

“ನಿದ್ದೆಗೆ ಬಸ್ಸು ಬೇಕೇನೇ? ನಿಂಗೋಸ್ಕರ ಅಲ್ವಾ ಮನೆ ಮಾಡಿದ್ದು?”

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. “ಮನೇಲಿ ಮಲಗಿದ್ರೆ ಎಲ್ಲಾರೂ ಎಬ್ಬಿಸ್ತಾರೆ. ನೀವೂ ಎಬ್ಬಿಸ್ತೀರ. ಬಸ್ಸಲ್ಲಾದ್ರೆ ಊರು ಬರೋಗಂಟ ನನ್ ಪಾಡಿಗೆ ನಾನಿರ್ತೀನಿ.”

ಜನ ನೋಡುತ್ತಿದ್ದರು. ಬೈಸಿಕೊಳ್ಳುವುದಕ್ಕೆ ನಾನು ತಯಾರಾಗಿದ್ದೆ. ಅವರು ಬಸ್ಸಿನ ಕಡೆ ನೋಡಿದರು. ಅದೇ ಬಸ್ಸು ಮತ್ತೆ ಲೇಪಾಕ್ಷಿಗೆ ಹೊರಡಲು ತಿರುಗುತ್ತಿತ್ತು.

“ಹತ್ತು” ಅಂದರು.

“ಮನೇಲಿ ಅತ್ತೆ…”

“ಅಮ್ಮಂಗೆ ಮುದ್ದೆ ನಾನ್ ಮಾಡ್ತೀನಿ. ನೀನು ಹೋಗ್ಬುಟ್ಟು ಬಾ.”

ಹತ್ತಿ ಕೂತೆ. ಅವರು ಕಿಟಕಿಯ ಸರಳು ಹಿಡಿದು ಕೆಳಗೇ ನಿಂತರು. ಹೊಸ ಮನೆಗೆ ಬಂದ ಮೇಲೆ ಬಾಡಿಗೆಗೆಂದು ಬೆಳಗಿನ ಜಾವದ ಲಾರಿ ಲೋಡಿನ ಕೆಲಸವನ್ನೂ ಅವರು ಒಪ್ಪಿಕೊಂಡಿದ್ದರು. ಕಣ್ಣು ಕೆಂಪಗೆ ಊದಿಕೊಂಡಿದ್ದವು. ಹುಣಸೆ ಧೂಳಿಗೆ ಅಂತ ನಾನು ತಿಳಿದಿದ್ದೆ.

“ನಿಂಗೆ ಅದೆಂಗೆ ಬತ್ತೈತೆ ನಿದ್ದೆ?” ತಗ್ಗಿದ ದನಿಯಲ್ಲಿ ಕೇಳಿದರು. “ಆ ಮನೆಗೆ ಬಂದಾಗ್ಲಿಂದ ನಂಗೆ ಬತ್ತಾನೇ ಇಲ್ಲ ಕಣೆ. ಒಂದಿನ ನಂಗೂ ಹೇಳ್ಕೊಡು.”

ಎಂಟು ತಿಂಗಳಿಂದ ಒಂದೇ ಚಾಪೆಯ ಮೇಲೆ ಮಲಗಿದ್ದೆವು. ಪಕ್ಕದಲ್ಲಿ ಅವರು ಎಚ್ಚರವಾಗಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

“ನೀವೂ ಹತ್ರಿ” ಎಂದು ಕೂಗುವಷ್ಟರಲ್ಲಿ ಬಸ್ಸು ಹೊರಟಿತ್ತು. ಅವರಿಗೆ ಕೇಳಿಸಲಿಲ್ಲ. ಮುದ್ದೆ ಮಾಡುವುದಕ್ಕೆ ಬಿರಬಿರನೆ ಮನೆಯ ಕಡೆ ಹೋಗುತ್ತಿದ್ದರು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವರು ಅಲ್ಲಿ ಕೂತು ನನ್ನ ಹೆಗಲಿಗೆ ತಲೆಯಾನಿಸಿ ನಿದ್ದೆ ಮಾಡಬೇಕು ಅಂತ ಎಷ್ಟು ಆಸೆಯಾಯಿತೆಂದರೆ, ಲೇಪಾಕ್ಷಿ ಬರುವವರೆಗೂ ನನಗೆ ಕಣ್ಣು ಮುಚ್ಚಲಾಗಲಿಲ್ಲ.