ಉರಿದರೂ ಹಾಕ್ರಿ

ಕುರುಗೋಡಿನಲ್ಲಿ ಗಾದಿ ಹೊಲಿಯುವ ಸರ್ವರಬಿಗೆ ಸಿಟ್ಟು ಬಂದರೆ ಸೂಜಿಯೂ ಮುರಿಯುತ್ತದೆ ಎಂದು ಓಣಿಯವರು ನಗಾಡುವುದಿತ್ತು. ಆಕೆ ಬಳ್ಳಾರಿಯ ಕಣ್ಣಿನ ಆಸ್ಪತ್ರೆಯ ಮೆಟ್ಟಿಲು ಹತ್ತಿದ ದಿನ ಮಾತ್ರ, ಕೈ ಹಿಡಿದಿದ್ದ ಮಗಳು ಗುಲ್ನಾಜಳಿಗೆ ನಗು ಬರಲಿಲ್ಲ.

ಕೆಲ ತಿಂಗಳ ಹಿಂದೆ ಅದೇ ಆಸ್ಪತ್ರೆಯಲ್ಲಿ ಸರ್ವರಬಿಯ ಬಲಗಣ್ಣಿನ ಪೊರೆ ತೆಗೆದು, ಬಾವು ಬಾರದಿರಲೆಂದು ಹನಿಔಷಧ ಕೊಟ್ಟಿದ್ದರು. ಮೊದಮೊದಲು ಸೂಜಿಯ ಕಣ್ಣು ಕೂಡ ನಿಚ್ಚಳ ಕಂಡಿತು. ಆಮೇಲೆ ಕಣ್ಣು ಕೆಂಪಾಗಿ ಮಬ್ಬಾಗತೊಡಗಿತು. ಫೋನ್ ಮಾಡಿದರೆ ಡಾಕ್ಟರು, "ಉರಿದರೂ ಹಾಕ್ರಿ, ಬಿಡಬ್ಯಾಡ್ರಿ" ಅಂದರು. ಹನಿ ಬಿದ್ದಾಗ ಉರಿದರೂ ಆಮೇಲೆ ನೋವು ತಣ್ಣಗಾಗುತ್ತಿತ್ತು, ಆಕೆ ನಂಬಿದಳು. ಬಾಟಲಿ ಮುಗಿದಾಗ ಇನ್ನೊಂದು ತರಿಸಿದಳು.

ಸಿರುಗುಪ್ಪದಿಂದ ತವರಿಗೆ ಬಂದ ಗುಲ್ನಾಜ್ ಆ ಕಣ್ಣು ನೋಡಿ ಹೌಹಾರಿದಳು. ತನ್ನೂರಿಗೆ ಕರೆದೊಯ್ದು ಅಲ್ಲಿನ ಡಾಕ್ಟರಮ್ಮನಿಗೆ ತೋರಿಸಿದಳು. ಅವರು ಮೊದಲು ಹನಿ ನಿಲ್ಲಿಸಿದರು.

"ಬೆರಳು ಸೊಟ್ಟಗಾಗ್ಯಾವ, ಕೀಲುವಾತ ಐತೇನಮ್ಮಾ? ಅಂಥವರಿಗೆ ಈ ಹನಿ ಭಾಳ ದಿನ ಹಾಕಬಾರ್ದು. ನೋವು ಮುಚ್ಚಿಬಿಡ್ತೈತಿ. ಒಳಗೊಳಗ ಕರಿಗುಡ್ಡಿ ಮ್ಯಾಲಿನ ಪದರು ಕರಗಿ ತೂತು ಬಿದ್ದೈತಿ."

ಅವರು ಕಳಿಸಿದ ಹುಬ್ಬಳ್ಳಿಯ ಆಸ್ಪತ್ರೆಯವರು, ಯಾರೋ ಪುಣ್ಯಾತ್ಮರು ದಾನ ಕೊಟ್ಟ ಕಣ್ಣಿನ ಪದರು ತಂದು ಹೊಲಿದರು. ಗುಡ್ಡೆ ಉಳಿಯಿತು. ನೋಟ ಉಳಿಯಲಿಲ್ಲ.

ಈಗ ಬಳ್ಳಾರಿಯ ಡಾಕ್ಟರು ತಲೆ ಎತ್ತದೆ, "ಎಲ್ಲೋ ಒಬ್ಬಿಬ್ಬರಿಗೆ ಹಿಂಗಾಗ್ತೈತಿ. ನಿಮ್ಮ ನಸೀಬು" ಅಂದರು.

"ನಸೀಬಾ?" ಸರ್ವರಬಿ ಎರಡೂ ಕೈ ಮೇಜಿನ ಮೇಲೆ ಬಡಿದಳು. "ಈ ಬೆರಳು ಅವತ್ತೂ ನಿಮ್ಮ ಮುಂದ ಇದ್ವು. ಕೀಲುನೋವು ಐತೇನು ಅಂತ ಒಂದು ಮಾತು ಕೇಳಿದ್ರಾ? ಕಣ್ಣು ಕೆಂಪಾಗೈತಿ ಅಂದಾಗ, ಬಂದು ತೋರಿಸು ಅಂದ್ರಾ?"

"ಒದರಬ್ಯಾಡ್ರಿ. ಹೊರಗ ಪೇಷಂಟ್ ಅದಾರ."

"ಅವರಿಗೆ ಕೇಳ್ಲಿ ಅಂತನ ಒದರಾಕತ್ತೀನಿ!"

ಬಾಗಿಲು ದೂಡಿ ಹೊರಬಂದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು.

"ಕೀಲುವಾತ ಇದ್ದವರು ಮೊದಲ ಹೇಳ್ರಿ! ಹನಿ ಹಾಕಿದ ಮ್ಯಾಲೆ ಕಣ್ಣು ಕೆಂಪಾದ್ರ, ಮಬ್ಬಾದ್ರ ಫೋನಿನ್ಯಾಗಿನ ಮಾತು ನಂಬಬ್ಯಾಡ್ರಿ. ಬಂದು ಕುಂದರ್ರಿ. ಡಾಕ್ಟರು ಕಣ್ಣು ನೋಡೂತನ ಏಳಬ್ಯಾಡ್ರಿ!"

ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಬಾದನಹಟ್ಟಿಯ ಎರ್ರಣ್ಣ ಎಂಬ ಮುದುಕ ಊದಿದ ಮುಂಗೈ ಎತ್ತಿ, "ನಂಗೂ ಐತವ್ವಾ" ಅಂದ.

ಬಾಗಿಲಿಗೆ ಬಂದಿದ್ದ ಡಾಕ್ಟರ ಮುಖ ಕಪ್ಪಿಟ್ಟಿತು. "ಅಜ್ಜಾರ, ನೀವು ಮೊದಲ ಒಳಗ ಬರ್ರಿ" ಅಂದರು. ಸರ್ವರಬಿಗೆ ಮಾತ್ರ ತಪ್ಪಾಯಿತು ಅನ್ನಲಿಲ್ಲ.

ಮೆಟ್ಟಿಲಿಳಿಯುವಾಗ, "ಮನಿಗೆ ಹೋಗೂನೇನಮ್ಮಾ?" ಗುಲ್ನಾಜ್ ಕೇಳಿದಳು.

"ಕಣ್ಣು ಹೋಗೈತಿ, ಬಾಯಿ ಹೋಗಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿ ಆಫೀಸು ಎಲ್ಲೈತಿ ಕೇಳು, ನಡಿ."