ಆಯಿ ಸಾಲೆ ನೋಡಲು ಹೋದದ್ದು

ಹೆಣ್ಣು ಮಗು ಐದನೆಯ ಇಯತ್ತೆ ಮುಗಿಸುವ ಹೊತ್ತಿಗೆ ನಮ್ಮ ಕಡೆಯ ತೋಟದ ಮನೆಗಳಲ್ಲಿ ಒಂದು ಚಿಂತೆ ಹೊಕ್ಕು ಕೂರುತ್ತದೆ. ತೋಟದ ಸಾಲೆ ಇರುವುದು ಐದರವರೆಗೆ ಮಾತ್ರ. ಆರಕ್ಕೆ, ಏಳಕ್ಕೆ ಊರೊಳಗಿನ ದೊಡ್ಡ ಸರಕಾರಿ ಸಾಲೆಗೆ ಹೋಗಬೇಕು. ಆ ಸಾಲೆ ಹೇಗಿದೆ ಎಂದು ಕೇಳಿ ನೋಡಿ, ಎಲ್ಲರ ಬಾಯಲ್ಲೂ ಉತ್ತರ ತಯಾರಿರುತ್ತದೆ. ಒಳಗೆ ಹೋಗಿ ನೋಡಿ ಬಂದವರು ಮಾತ್ರ ಸಿಗುವುದಿಲ್ಲ.

ಅರಭಾವಿಯ ಆಚೆ, ಕಬ್ಬಿನ ನಡುವೆ ಇದ್ದ ಪಾಯಪ್ಪನ ತೋಟದ ಮನೆಯಲ್ಲೂ ಆ ವರ್ಷ ಇದೇ ಚಿಂತೆ. ಸಾಲೆಗಳಲ್ಲಿ ಬಿಸಿಯೂಟ ಹೊಸದಾಗಿ ಬಂದಿದ್ದ ಕಾಲ ಅದು. ಪಾಯಪ್ಪನ ಮಗಳು ಮಯೂರಿ ಐದನೆಯ ಇಯತ್ತೆಯಲ್ಲಿದ್ದಳು. ಅವಳ ತಮ್ಮ ಶುಭಮ ಟೈ ಕಟ್ಟಿಕೊಂಡು, ವ್ಯಾನು ಹತ್ತಿ, ಘಟಪ್ರಭಾದ ಇಂಗ್ಲಿಷ್ ಸಾಲೆಗೆ ಹೋಗುತ್ತಿದ್ದ. ಕನ್ನಡದಲ್ಲಿ ಕಲಿತ ಹುಡುಗಿಯನ್ನು ನಡುವೆ ಅಲ್ಲಿಗೆ ಹಾಕುವಂತಿರಲಿಲ್ಲ. ಅದಕ್ಕೆ ಪಾಯಪ್ಪ ಬೇರೆ ಹಾದಿ ಹುಡುಕಿದ್ದ. ಹೆಂಡತಿ ರೂಪಾಲಿಯ ಅಕ್ಕ ಹುಕ್ಕೇರಿಯಲ್ಲಿದ್ದಳು. ಅವಳ ಮನೆಯ ಬಾಜೂಕ್ಕೇ ಬಣ್ಣ ಬಳಿದ ಖಾಸಗಿ ಕನ್ನಡ ಸಾಲೆ ಇತ್ತು. ಮಯೂರಿ ಅಲ್ಲೇ ಇದ್ದು ಓದಲಿ ಎಂದು ಅವನು ತೀರ್ಮಾನಿಸಿದ್ದ. ಶಿವರಾತ್ರಿ ಮುಗಿದ ಮೇಲೆ ಬಂದು ಮಾತು ಪಕ್ಕಾ ಮಾಡಿಕೊಂಡು ಹೋಗುತ್ತೇವೆ ಎಂದು ಹುಕ್ಕೇರಿಯವರೂ ಹೇಳಿ ಕಳಿಸಿದ್ದರು.

ಈ ಸುದ್ದಿ ಕೇಳಿದಾಗಿನಿಂದ ಪಾಯಪ್ಪನ ತಾಯಿ ತಾರಾಬಾಯಿಗೆ ಊಟ ರುಚಿಸದಂತಾಗಿತ್ತು. ಮಯೂರಿ ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿದವಳು. ದಿನಾ ಹೊತ್ತು ಮುಳುಗುವ ಮುಂಚೆ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಊಟ ಮಾಡುತ್ತಿದ್ದರು. ಊಟವಾದ ಮೇಲೆ ಜೀರಿಗೆ, ಸಾಸಿವೆ ಕಟ್ಟಿಕೊಟ್ಟ ಪೇಪರಿನ ಚೂರುಗಳನ್ನು ಮಯೂರಿ ಬಿಡಿಸಿ ಓದುವಳು. ತಾರಾಬಾಯಿಗೆ ಅಕ್ಷರ ಬಾರದು, ಆದರೆ ಕುತೂಹಲ ಬಹಳ. “ಓದಿದ್ಯಲ್ಲ, ಈಗ ನನಗ ತಿಳಿಯೂ ಹಂಗ ಹೇಳು” ಎನ್ನುವಳು. ಮೊಮ್ಮಗಳು ಹೇಳುವಳು. ತಿಳಿಯದಿದ್ದರೆ ಮುದುಕಿ ಬಿಡುತ್ತಲೇ ಇರಲಿಲ್ಲ.

ಹುಕ್ಕೇರಿಯ ಮಾತು ಬಂದಾಗ ಮಯೂರಿ ಅಳಲಿಲ್ಲ, ಹಟ ಮಾಡಲಿಲ್ಲ. ಒಂದು ಮಧ್ಯಾಹ್ನ ಹಳೆಯ ಅರಿವೆಗಳಿಂದ ಅಜ್ಜಿ ಹೊಲಿಯುತ್ತಿದ್ದ ಕೌದಿಯ ಗಂಟು ಬಿಚ್ಚಿ, ಮನೆಯಲ್ಲಿದ್ದ ಸೂಜಿಗಳಿಗೆಲ್ಲ ದಾರ ಪೋಣಿಸಿ, ಸಾಲಾಗಿ ಒಂದು ಅರಿವೆಗೆ ಚುಚ್ಚಿಟ್ಟಳು. ಏನವ್ವಾ ಇದು ಎಂದು ತಾರಾಬಾಯಿ ಕೇಳಿದಳು.

“ನಾ ಹೋದಮ್ಯಾಲೆ ನಿನಗ ಯಾರ ಪೋಣಿಸಿ ಕೊಡ್ತಾರ ಆಯಿ? ನಿನಗ ಕಣ್ಣ ಕಾಣೂದಿಲ್ಲಲ್ಲ.”

ತಾರಾಬಾಯಿ ಕೌದಿ ಮಡಚಿ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಯಾರೂ ಇರಲಿಲ್ಲ, ಮನಸಾರೆ ಅತ್ತಳು.

ಆಗ ಗಾಣದ ಸುಗ್ಗಿ. ಪಾಯಪ್ಪನ ಗಾಣದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆಲ್ಲ ಕುದಿಯುತ್ತಿತ್ತು. ಬಾಜೂ ಹೊಲದ ದಾಕ್ಷಾಯಿಣಿ ಕಬ್ಬಿನ ಹಾಲು ಒಯ್ಯಲು ಕೊಡ ಹಿಡಿದು ಬಂದಳು. ಅವಳ ಮಗಳು ಊರ ದೊಡ್ಡ ಸಾಲೆಯಲ್ಲಿ ಏಳು ಮುಗಿಸಿ ಹೈಸ್ಕೂಲಿಗೆ ಹೋಗುತ್ತಿದ್ದಳು, ಮಗ ಇನ್ನೂ ಅಲ್ಲೇ ಓದುತ್ತಿದ್ದ, ಇವಳು ಆ ಸಾಲೆಯ ಪಾಲಕರ ಕಮಿಟಿಯಲ್ಲಿದ್ದಳು. ಹುಕ್ಕೇರಿಯ ಸುದ್ದಿ ಕೇಳಿ, ಊರ ಸಾಲೆಗೆ ಏನಾಗಿದೆ ಎಂದು ಪಾಯಪ್ಪನನ್ನು ಕೇಳಿದಳು.

“ಗ್ವಾಡಿ ಸುಣ್ಣಾ ಕಂಡು ಯಾವ ಕಾಲ ಆತೋ” ಎಂದ ಪಾಯಪ್ಪ. “ಅಂಗಳದಾಗ ಆಡು ಮಲಗಿರ್ತಾವ. ಮಾಸ್ತರಗೋಳ ಮಕ್ಕಳು ಸುದ್ದಾ ಗೋಕಾಕದಾಗ ಓದತಾವ. ಅಂಥಾ ಸಾಲಿಗೆ ನನ್ನ ಮಗಳನ್ನ ಹೆಂಗ ಕಳಸಲಿ?”

“ನೀವು ಹೇಳೂದು ಖರೆ ಐತಿ ಅಣ್ಣಾರ. ಆದರ ನೀವು ಸಾಲಿ ಒಳಗ ಕಾಲಿಟ್ಟಿದ್ದು ಯಾವಾಗ?”

ಪಾಯಪ್ಪ ಕಡೆಯ ಸಲ ಹೋದದ್ದು ಓಟು ಹಾಕಲು. ಅವನು ಒಲೆಗೆ ಕಬ್ಬಿನ ಸಿಪ್ಪೆ ತುರುಕಲು ಹೋದ.

ದಾಕ್ಷಾಯಿಣಿ ತಾರಾಬಾಯಿಯ ಕಡೆ ತಿರುಗಿ, ನೀವಾದರೂ ಹೋಗಿ ನೋಡಿ ಬನ್ನಿ ಎಂದಳು. ತಾರಾಬಾಯಿಗೆ ನಗು ಬಂತು. ಹೆಬ್ಬೆಟ್ಟಿನವಳು ಸಾಲೆ ನೋಡುವುದೆಂದರೇನು?

“ಬೆಲ್ಲಾ ಹೆಂಗ ನೋಡ್ತೀರಿ ಕಾಕೂ? ಬೆಲ್ಲದ ಪೆಂಟಿ ಮ್ಯಾಲಿನ ಬಣ್ಣ ನೋಡಿ ಒಪ್ಪತೀರೇನು?”

“ಇಲ್ಲವಾ. ಹಳದಿ ಬಣ್ಣ ಯಾರು ಬೇಕಾದ್ರೂ ತರಸ್ತಾರ. ನಾ ಒಡದು ನೋಡ್ತೇನಿ. ನೀರಾಗ ಕರಗಿಸಿ ತಳದಾಗ ಏನ್ ಉಳಿತೈತಿ ನೋಡ್ತೇನಿ.”

“ಸಾಲೀನೂ ಹಂಗ ನೋಡ್ರಿ. ಝಂಡಾ ಹಾರಸೂ ದಿನ ಹೋಗಬ್ಯಾಡ್ರಿ, ಅವತ್ತು ಎಲ್ಲಾ ಸಾಲಿನೂ ಚಂದ ಇರ್ತಾವ. ಹೇಳದ ಕೇಳದ ಹೋಗ್ರಿ. ಹಿಂದ ಕುಂತ ಹುಡುಗರನ್ನ ಮಾತಾಡಸ್ರಿ.”

ಮಂಗಳವಾರ ತಾರಾಬಾಯಿ ತೊಳೆದ ಇಳಕಲ್ ಸೀರೆ ಉಟ್ಟು, ಎಲೆಅಡಿಕೆಯ ಸಂಚಿಯಲ್ಲಿ ಜೀರಿಗೆ ಕಟ್ಟಿದ ಪೇಪರಿನ ಚೂರೊಂದನ್ನು ಇಟ್ಟುಕೊಂಡು, ದಾಕ್ಷಾಯಿಣಿಯ ಜೊತೆ ಹೊರಟಳು. ಸಾಲೆಯ ಅಂಗಳದಲ್ಲಿ ಆಡು ಮಲಗಿದ್ದವು, ಗೋಡೆ ಕಪ್ಪಾಗಿತ್ತು. ಪಾಯಪ್ಪ ಸುಳ್ಳು ಹೇಳಿರಲಿಲ್ಲ.

ನೀರು ಸೋಸದೆ ಕುಡಿಯದ ಜೈನ ಮನೆತನದವಳು, ಮೊದಲು ಹೋಗಿ ನೀರಿನ ಹಂಡೆಯ ಮುಚ್ಚಳವನ್ನೇ ತೆಗೆದಳು. ಮುಚ್ಚಳದ ಕೆಳಗೆ ಸೋಸುವ ಅರಿವೆ ಕಟ್ಟಿತ್ತು, ತೆಗೆಯಲು ಉದ್ದ ಹಿಡಿಯ ಸೌಟು ಇತ್ತು. ಅಡುಗೆ ಕೋಣೆಯಲ್ಲಿ ಮಕ್ಕಳಿಗೆ ಬಡಿಸುವ ಮುಂಚೆ ಹೆಡ್‌ಮಾಸ್ತರರು ಸಾರು ಉಂಡು ನೋಡುತ್ತಿದ್ದರು. ಆಮೇಲೆ ಹುಡುಗಿಯರ ಪಾಯಖಾನೆ ಎಲ್ಲಿ ಎಂದು ಹುಡುಕಿದಳು. ಅದು ಕಟ್ಟಡದ ಹಿಂದೆ ಇತ್ತು, ಬಾಗಿಲಿಗೆ ತುಕ್ಕು ಹಿಡಿದ ಕೀಲಿ ಜಡಿದಿತ್ತು. ಹುಡುಗಿಯರು ಕಬ್ಬಿನ ಮರೆಗೆ ಹೋಗುತ್ತಾರಂತೆ, ದೊಡ್ಡ ಹುಡುಗಿಯರು ಕೆಲವು ದಿನ ಸಾಲೆಗೇ ಬರುವುದಿಲ್ಲವಂತೆ. ತಾರಾಬಾಯಿಗೆ ಸಿಟ್ಟು ಬಂತು. ಕಮಿಟಿಯಲ್ಲಿ ಇದ್ದು ನೀನು ಏನು ಮಾಡುತ್ತೀ ಎಂದು ದಾಕ್ಷಾಯಿಣಿಯನ್ನೇ ಬೈದಳು. ಎಷ್ಟು ಸಲ ಮೀಟಿಂಗು ಕರೆದರೂ ಪಾಲಕರು ಯಾರೂ ಬರುವುದಿಲ್ಲ, ನನ್ನೊಬ್ಬಳ ಮಾತು ಯಾರು ಕೇಳುತ್ತಾರೆ ಎಂದು ಅವಳು ತಲೆ ತಗ್ಗಿಸಿದಳು.

ಬಳಿಕ ಇಬ್ಬರೂ ಕಿಡಕಿಯ ಹೊರಗೆ ನಿಂತು ಕೇಳಿದರು. ಒಂದು ಕೋಣೆಯಲ್ಲಿ ಮಾಸ್ತರರು ಬೋರ್ಡಿನ ತುಂಬ ಬರೆಯುತ್ತಿದ್ದರು, ಮಕ್ಕಳು ಸುಮ್ಮನೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಏನು ಬರೆದೆ ಎಂದು ಆಮೇಲೆ ಒಬ್ಬನನ್ನು ಕೇಳಿದರೆ ಅವನು ಹಲ್ಲು ಕಿರಿದ. ಬಾಜೂ ಕೋಣೆಯಲ್ಲಿ ಶ್ರೀಶೈಲ ಮಾಸ್ತರರ ಆರನೆಯ ಇಯತ್ತೆ. ಅಲ್ಲಿ ಮಾಸ್ತರರ ದನಿಗಿಂತ ಮಕ್ಕಳ ದನಿಯೇ ಹೆಚ್ಚು ಕೇಳುತ್ತಿತ್ತು. ಹುಡುಗನೊಬ್ಬ ಲೆಕ್ಕ ತಪ್ಪು ಹೇಳಿದಾಗ ಅವರು ಬಡಿಗೆ ಎತ್ತಲಿಲ್ಲ. ಆ ಉತ್ತರ ನಿನಗೆ ಹೇಗೆ ಬಂತು, ಎಲ್ಲರಿಗೂ ಹೇಳು ಎಂದರು. ಹೇಳುತ್ತ ಹೇಳುತ್ತ ಹುಡುಗನಿಗೇ ತನ್ನ ತಪ್ಪು ಸಿಕ್ಕಿತು.

ಊಟದ ಸೂಟಿಯಲ್ಲಿ ತಾರಾಬಾಯಿ ಆ ಕೋಣೆಯ ಹಿಂದಿನ ಸಾಲಿನ ಹುಡುಗಿಯೊಬ್ಬಳನ್ನು ಕರೆದಳು. ಕಬ್ಬು ಕಡಿಯುವವರ ಮಗಳು, ಹೆಸರು ಅಲ್ಲವ್ವ. ಸಂಚಿಯಿಂದ ಪೇಪರಿನ ಚೂರು ತೆಗೆದು ಅವಳ ಕೈಗಿಟ್ಟಳು. ಅಲ್ಲವ್ವ ಅಕ್ಷರಕ್ಕೆ ಬೆರಳಿಟ್ಟು ತಡವರಿಸುತ್ತ ಓದಿದಳು. ಒಂದು ಶಬ್ದ ಬರಲಿಲ್ಲ, ಇದನ್ನು ಮಾಸ್ತರರಿಗೆ ಕೇಳುತ್ತೇನೆ ಎಂದು ಮುಂದೆ ಹೋದಳು. ಮುಗಿದ ಮೇಲೆ ತಾರಾಬಾಯಿ ಮನೆಯಲ್ಲಿ ಕೇಳುವುದನ್ನೇ ಕೇಳಿದಳು.

“ಹಾವು ಕಡದ್ರ ಮಂತ್ರಾ ಹಾಕಸ್ಕೋತ ಕುಂದ್ರಬಾರದಂತರಿ ಆಯಿ” ಎಂದಳು ಅಲ್ಲವ್ವ. “ಕಡಿಸ್ಕೊಂಡಾವ್ರು ಓಡಬಾರದು, ಓಡಿದ್ರ ವಿಷ ಲಗೂನ ಏರತೈತಿ. ಅಲ್ಲಾಡದಂಗ ಮಲಗಿಸಿ ದವಾಖಾನಿಗೆ ಒಯ್ಯಬೇಕು. ನಮ್ಮಪ್ಪಗೂ ಹೇಳ್ತೇನಿ, ಕಬ್ಬಿನಾಗ ಇರ್ತಾನಲ್ಲ.”

ತಾರಾಬಾಯಿ ಅವಳ ಗಲ್ಲ ಸವರಿದಳು. ಮರಳುವ ಮುಂಚೆ ಶ್ರೀಶೈಲ ಮಾಸ್ತರರಿಗೆ, ಮಕ್ಕಳನ್ನು ಕರೆದುಕೊಂಡು ಗಾಣಕ್ಕೆ ಬನ್ನಿ, ಬಿಸಿ ಬೆಲ್ಲ ತಿನ್ನಿಸುತ್ತೇನೆ ಎಂದು ಹೇಳಿ ಬಂದಳು.

ಸಂಜೆ ಊಟಕ್ಕೆ ಕೂತಾಗ ಮಗನಿಗೆ ಎಲ್ಲ ವರದಿ ಒಪ್ಪಿಸಿದಳು. ನೀರು, ಊಟ ಚಲೋ ಇದೆ. ಒಬ್ಬ ಮಾಸ್ತರ ಸುಮಾರು, ಒಬ್ಬ ಬಂಗಾರದಂಥವ. ಪಾಯಖಾನೆಯದು ದೊಡ್ಡ ತಪ್ಪು, ಅದನ್ನು ಸರಿ ಮಾಡಿಸಬೇಕು. ಬೆಲ್ಲದ ಬಣ್ಣ ಕಪ್ಪಿದೆ, ಹದ ಮಾತ್ರ ಕೆಟ್ಟಿಲ್ಲ. ಪಾಯಪ್ಪ ದಿನವೆಲ್ಲ ಒಲೆಯ ಮುಂದೆ ಬೆಂದು ಬಂದಿದ್ದ.

“ಅವ್ವಾ, ನಿನಗ ನಿನ್ನ ಹೆಸರ ಬರಿಯಾಕ ಬರೂದಿಲ್ಲ” ಎಂದ. “ನೀ ಸಾಲಿ ಪರೀಕ್ಷಾ ಮಾಡಿ ಬಂದ್ಯಾ?”

ತಾರಾಬಾಯಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಚಿಕ್ಕಂದಿನಲ್ಲಿ ಸಾಲೆಯ ಹೊರಗೆ ದನ ಹೊಡೆದುಕೊಂಡು ನಿಂತು, ಒಳಗಿನ ಮಗ್ಗಿಯನ್ನು ಕೇಳಿ ಕೇಳಿ ಕಲಿತವಳು ಅವಳು. ಅದನ್ನು ಮಗನಿಗೆ ಎಂದೂ ಹೇಳಿರಲಿಲ್ಲ. ರೂಪಾಲಿ ಗಂಡನನ್ನು ದುರುಗುಟ್ಟಿ ನೋಡಿದಳು. ಆ ಸಂಜೆ ಮನೆಯಲ್ಲಿ ಯಾರೂ ಪೇಪರು ಓದಲಿಲ್ಲ.

ಶುಕ್ರವಾರ ಶ್ರೀಶೈಲ ಮಾಸ್ತರರು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಗಾಣಕ್ಕೆ ಬಂದರು. ಬೆಲ್ಲ ತಿಂದು ಹೋಗುತ್ತಾರೆ ಎಂದುಕೊಂಡಿದ್ದ ಪಾಯಪ್ಪ. ಮಕ್ಕಳು ಕೊಪ್ಪರಿಗೆಯಿಂದ ದೂರದಲ್ಲಿ ನಿಂತು ಪ್ರಶ್ನೆ ಶುರು ಮಾಡಿದರು. ಬೆಂಡೆ ಗಿಡದ ಲೋಳೆ ಯಾಕೆ, ನೊರೆ ಯಾಕೆ ತೆಗೆಯುವುದು? ಅವನು ಖುಷಿಯಿಂದ ಹೇಳುತ್ತ ಹೋದ. ಅಲ್ಲವ್ವ ಹಿಂದಿನಿಂದ ಮುಂದೆ ಬಂದಳು.

“ಕಾಕಾ, ಕಬ್ಬಿನ ಹಾಲಿಗೆ ಸುಣ್ಣಾ ಯಾಕ ಹಾಕತೀರಿ?”

ಪಾಯಪ್ಪನ ಅಪ್ಪ ಹಾಕುತ್ತಿದ್ದ, ಅದಕ್ಕೆ ಅವನೂ ಹಾಕುತ್ತಿದ್ದ. ಹೊಲಸು ಮೇಲೆ ಬರುತ್ತದೆ ಎಂದು ಹೇಳಿದ. ಅದು ಯಾಕೆ ಬರುತ್ತದೆ ಎಂದು ಅವಳು ಬಿಡದೆ ಕೇಳಿದಳು. ಪಾಯಪ್ಪ ಮಾಸ್ತರರ ಮುಖ ನೋಡಿದ. ಅವರು ನಗುತ್ತ, ನೀವೇ ಕಂಡು ಹಿಡಿಯಿರಿ ಎಂದು ಮಕ್ಕಳಿಗೆ ಅರಿಸಿನದಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಕೊಟ್ಟರು. ಕಬ್ಬಿನ ಹಾಲಿನಲ್ಲಿ ಅದ್ದಿದರೆ ಪಟ್ಟಿ ಹಳದಿಯಾಗಿಯೇ ಉಳಿಯಿತು. ಸುಣ್ಣದ ತಿಳಿಯಲ್ಲಿ ಅದ್ದಿದ ಕೂಡಲೇ ಕೆಂಪಾಯಿತು. ಮಕ್ಕಳು ತಮ್ಮತಮ್ಮಲ್ಲೇ ವಾದ ಮಾಡಿದರು. ಕಡೆಗೆ ಅಲ್ಲವ್ವ ಹೇಳಿದಳು: ಹಾಲಿನಲ್ಲಿ ಕಾಣದ ಹುಳಿ ಇದೆ, ಸುಣ್ಣ ಆ ಹುಳಿಯನ್ನು ಮುರಿಯುತ್ತದೆ, ಆಗ ಹೊಲಸು ಗಟ್ಟಿಯಾಗಿ ತೇಲುತ್ತದೆ. ಸುಣ್ಣ ಬಿದ್ದ ಹಾಲಿನಲ್ಲಿ ಪಟ್ಟಿ ಕೆಂಪಾದರೆ ಸುಣ್ಣ ಹೆಚ್ಚಾಗಿದೆ ಎಂದು ತಿಳಿಯಬೇಕು.

ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುವುದು ಪಾಯಪ್ಪನಿಗೆ ಗೊತ್ತಿತ್ತು. ಹೆಚ್ಚಾಯಿತೆಂದು ಮುಂಚೆಯೇ ತಿಳಿಯುವ ಉಪಾಯ ಗೊತ್ತಿರಲಿಲ್ಲ. ಒಂದು ಪಟ್ಟಿ ನನಗೂ ಇರಲಿ ಎಂದು ಹುಡುಗಿಯ ಕೈಯಿಂದ ಇಸಿದುಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡ.

ಆ ಸಂಜೆ ಶುಭಮ ಇಂಗ್ಲಿಷ್ ಪಾಠವನ್ನು ಗಡಗಡ ಓದುತ್ತಿದ್ದ. ಪಾಯಪ್ಪ ಬಹಳ ಹೊತ್ತು ಕೇಳಿದ.

“ಓದಿದ್ಯಲ್ಲ, ಈಗ ನನಗ ತಿಳಿಯೂ ಹಂಗ ಹೇಳು.”

“ಅದನ್ನ ಟೀಚರ್ ಇನ್ನೂ ಹೇಳಿಲ್ಲ ಪಪ್ಪಾ” ಎಂದ ಹುಡುಗ.

ಪಾಯಪ್ಪ ಎದ್ದು ತಾಯಿಯ ಹತ್ತಿರ ಬಂದು ಕೂತ. ತಾರಾಬಾಯಿ ಕೌದಿ ಹೊಲಿಯುತ್ತಿದ್ದಳು, ಮುಖ ಎತ್ತಲಿಲ್ಲ.

“ನನ್ನದು ತಪ್ಪಾತು ಅವ್ವಾ. ನಾ ಬಣ್ಣಾ ನೋಡಿದೆ, ನೀ ಒಡದು ನೋಡಿದಿ. ನಾಳೆ ಸಾಲಿಗೆ ಹೋಗೂನು, ನನ್ನ ಜೋಡಿ ನೀನೂ ಬಾ. ಮಯೂರಿ ಇಲ್ಲೇ ಓದತಾಳ ಅಂತ ಹುಕ್ಕೇರಿಯವರಿಗೆ ನಾನ ಹೇಳ್ತೇನಿ.”

ಒಳಗಿನ ಬಾಗಿಲ ಹಿಂದೆ ನಿಂತಿದ್ದ ಮಯೂರಿ ಈಗ ಅತ್ತಳು. ಇಷ್ಟು ದಿನ ತಡೆದಿಟ್ಟುಕೊಂಡಿದ್ದನ್ನೆಲ್ಲ ಅಜ್ಜಿಯ ಮಡಿಲಲ್ಲಿ ಅತ್ತು ಮುಗಿಸಿದಳು.

ಮರುದಿನ ಪಾಯಪ್ಪ ಪಾಯಖಾನೆಯ ತುಕ್ಕು ಕೀಲಿಯನ್ನು ಹೆಡ್‌ಮಾಸ್ತರರ ಎದುರೇ ಒಡೆಸಿದ. ನೀರಿಗೆ ತನ್ನ ಗಾಣದ ಬ್ಯಾರಲ್ಲನ್ನು ತಂದಿಟ್ಟ. ಮುಂದಿನ ಮೀಟಿಂಗಿಗೆ ತೋಟದ ಮನೆಗಳನ್ನೆಲ್ಲ ತಿರುಗಿ ಪಾಲಕರನ್ನು ಕರೆತಂದ. ಬರೀ ಇಳಿಸಿಕೊಳ್ಳುವ ಕೋಣೆಯ ಮಾತನ್ನೂ ಅಲ್ಲಿ ಆಡಿದರು, ಅದು ಕೂಡಲೇ ಪೂರಾ ಸರಿಹೋಗಲಿಲ್ಲ. ಅದಕ್ಕೇ ತಾರಾಬಾಯಿ ಆಮೇಲೂ ಹೇಳದೆ ಕೇಳದೆ ಸಾಲೆಗೆ ಹೋಗಿ ಕಿಡಕಿಯ ಹೊರಗೆ ನಿಲ್ಲುತ್ತಿದ್ದಳು. ಜೂನಿನಲ್ಲಿ ಮಯೂರಿ ಅಲ್ಲವ್ವನ ಕೈ ಹಿಡಿದು ಆ ಸಾಲೆಗೆ ಹೋದಳು. ಸಂಜೆ ಬಂದು, ದಾರ ತೀರಿದ ಸೂಜಿಗಳಿಗೆ ಮತ್ತೆ ದಾರ ಪೋಣಿಸಿದಳು.

ತಾಯಂದಿರೇ, ತಂದೆಯಂದಿರೇ, ಅಜ್ಜ-ಅಜ್ಜಿಯರೇ, ನಿಮ್ಮ ಊರ ಸಾಲೆಯ ಒಳಗೆ ನೀವು ಕಾಲಿಟ್ಟು ಎಷ್ಟು ದಿನವಾಯಿತು? ಗೋಡೆಯ ಬಣ್ಣ, ಮಕ್ಕಳ ಟೈ ನೋಡಿ ಯಾವ ಸಾಲೆಯನ್ನೂ ಹೊಗಳಬೇಡಿ, ಯಾವುದನ್ನೂ ತೆಗಳಬೇಡಿ. ಸಾಮಾನ್ಯ ದಿನ ಹೋಗಿ. ಕುಡಿಯುವ ನೀರು ನೋಡಿ, ಹುಡುಗಿಯರ ಪಾಯಖಾನೆಯ ಬಾಗಿಲು ತೆರೆದು ನೋಡಿ. ಕೊರತೆ ಕಂಡರೆ ಮಗುವನ್ನು ಬಿಡಿಸುವ ಮುಂಚೆ ಪಾಲಕರ ಮೀಟಿಂಗಿಗೆ ಹೋಗಿ ಬಾಯಿಬಿಟ್ಟು ಹೇಳಿ. ನನಗೆ ಓದು ಬಾರದು, ನನಗೇನು ತಿಳಿಯುತ್ತದೆ ಎಂದು ಹಿಂಜರಿಯಬೇಡಿ. ಹಿಂದಿನ ಸಾಲಿನ ಮಗುವನ್ನು ಹತ್ತಿರ ಕರೆದು, ತಲೆ ಸವರಿ, ತಾರಾಬಾಯಿ ಕೇಳಿದ್ದನ್ನೇ ಕೇಳಿ: “ಓದಿದ್ಯಲ್ಲ, ಈಗ ನನಗ ತಿಳಿಯೂ ಹಂಗ ಹೇಳು.” ಆ ಮಗು ಹೇಳುವುದು ನಿಮಗೆ ತಿಳಿದರೆ, ಆ ಸಾಲೆ ಕಲಿಸುತ್ತಿದೆ.